ಕಿಟಕಿ ಪಕ್ಕದ ಸರದಿ ಪಟ್ಟಿ

ಹೊಲಿಗೆ ಅಂಗಡಿ,
ಬುಧವಾರ, ಹನ್ನೆರಡನೇ ತಾರೀಖು

ಪ್ರೀತಿಯ ಇವಳೇ,

ಅತ್ತೆಯವರ ಮಂಡಿ ಹೇಗಿದೆ? ಕೋಲು ಬಿಟ್ಟು ನಡೆಯುತ್ತಿದ್ದಾರೋ, ಇಲ್ಲ ಕೋಲು ತೋರಿಸಿ ನಿನ್ನನ್ನು ನಡೆಸುತ್ತಿದ್ದಾರೋ? ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ನಾನು ಕ್ಷೇಮ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನನ್ನ ಮೊದಲ ವಾಕ್ಯ ಮುಗಿಯುವ ಮೊದಲೇ ನಿನ್ನ ತೀರ್ಪು ಬಂದುಬಿಡುತ್ತದೆ. ಕಾಗದದಲ್ಲಾದರೆ ಆರೋಪಿಗೆ ಪೂರ್ತಿ ಹೇಳಿಕೆ ಕೊಡಲು ಅವಕಾಶವುಂಟು.

ಹೌದು, ಆರೋಪಿ ನಾನೇ. ಅಂಗಡಿಗೆ ಬೆಂಕಿ ಬಿದ್ದಿಲ್ಲ, ಗಾಬರಿಯಾಗಬೇಡ. ಕಾಜಕ್ಕ ಸೋಮವಾರದಿಂದ ಕೆಲಸಕ್ಕೆ ಬಂದಿಲ್ಲ, ಅಷ್ಟೇ. ಬ್ಯಾಂಡಿನವರ ಇಪ್ಪತ್ತು ಕೋಟುಗಳನ್ನು ಬರುವ ಸೋಮವಾರ ಕೊಡಬೇಕು. ಗುಂಡಿಗಳೆಲ್ಲ ತಯಾರಾಗಿವೆ, ಅವು ತೂರಿಕೊಳ್ಳಲು ಕಾಜಾ ಒಂದೂ ಇಲ್ಲ. ಕೈಯಲ್ಲಿ ಕಾಜಾ ಹೊಲಿಯಬಲ್ಲವಳು ಅವಳೊಬ್ಬಳೇ ಎಂದು ನಿನಗೆ ನಾನು ಹೇಳಬೇಕೇ?

ಆದದ್ದಿಷ್ಟು. ತವರಿಗೆ ಹೋಗುವಾಗ ನೀನು, ಎಲ್ಲರನ್ನೂ ಸರಿಯಾಗಿ ನೋಡಿಕೊಳ್ಳಿ ಅಂದೆ. ಮೂವತ್ತು ವರ್ಷ ಕಚೇರಿಯ ಹಾಜರಿ ಪುಸ್ತಕ ಕಾದ ಕೈಗೆ ನೀನು ಅಂಗಡಿ ಒಪ್ಪಿಸಿದ್ದೆ. ಕೈ ಸುಮ್ಮನಿರುತ್ತದೆಯೇ? ಮೊದಲ ದಿನವೇ ನಿನ್ನ ಆಡಳಿತದ ಅಕ್ರಮಗಳನ್ನು ಪಟ್ಟಿಮಾಡಿದೆ. ಒಬ್ಬಳಿಗೆ ಎತ್ತರದ ಸ್ಟೂಲು, ಇನ್ನೊಬ್ಬಳಿಗೆ ಅರ್ಧ ಗಂಟೆ ತಡವಾಗಿ ಬರುವ ಪರವಾನಗಿ, ಕಾಜಕ್ಕನಿಗೆ ವರ್ಷಪೂರ್ತಿ ಕಿಟಕಿ. ಅಷ್ಟರಲ್ಲಿ ನೀನು ಮೆಣಸಿನಕಾಯಿ ಎಂದು ಹೆಸರಿಟ್ಟ ಮೊದಲ ಮೆಷಿನ್ನಿನ ಹುಡುಗಿ, ಕಿಟಕಿ ಏನು ಕಾಜಕ್ಕನ ತವರುಮನೆಯವರು ಕೊಟ್ಟಿದ್ದಾ ಅಂತ ಕೇಳಿಯೇ ಬಿಟ್ಟಳು. ನನಗೂ ನ್ಯಾಯ ಅನ್ನಿಸಿತು. ಸ್ಕೇಲು ಹಿಡಿದು ಗೆರೆ ಎಳೆದು, ಕೆಂಪು ಶಾಯಿಯಲ್ಲಿ ತಲೆಬರಹ ಬರೆದು, ಕಿಟಕಿಗೆ ಸರದಿ ಪಟ್ಟಿ ಅಂಟಿಸಿದೆ. ತಲೆಗೊಂದು ವಾರ. ಪಟ್ಟಿ ಎಷ್ಟು ಚೆನ್ನಾಗಿತ್ತೆಂದರೆ ನಾನು ಎರಡು ಸಲ ಹಿಂದೆ ಸರಿದು ನಿಂತು ನೋಡಿದೆ.

ಕಾಜಕ್ಕ ಸೂಜಿದಾರ ಎತ್ತಿಕೊಂಡು ಬೀರುವಿನ ಪಕ್ಕಕ್ಕೆ, ಟ್ಯೂಬ್‌ಲೈಟಿನ ಕೆಳಗೆ ಹೋಗಿ ಕೂತಳು. ಶನಿವಾರ ಸಂಜೆ ಒಂದು ಕೋಟನ್ನು ಬಾಗಿಲಾಚೆ ಹಿಡಿದು ದೂಳು ಕೊಡವಿದಳು. ಹೊರಗಿನ ಬೆಳಕಿನಲ್ಲಿ ನೋಡಿದರೆ ಕೋಟು ಗಾಢ ನೀಲಿ, ಕಾಜಾದ ದಾರ ಮಾತ್ರ ಕಪ್ಪು. ಒಂಬತ್ತು ಕೋಟುಗಳಲ್ಲೂ ಹಾಗೆಯೇ. ನಮಗ್ಯಾರಿಗೂ ಗೊತ್ತಾಗಿರಲಿಲ್ಲ, ಅವಳೇ ಕಂಡುಹಿಡಿದಳು. ಕೂತು ಒಂಬತ್ತನ್ನೂ ಬಿಚ್ಚಿಟ್ಟು, ಚೀಲ ಹೆಗಲಿಗೇರಿಸಿ ಹೋದಳು.

ನಿನ್ನೆ ಸಂಜೆ ಅವಳ ಮನೆಗೆ ಹೋದೆ. ಹೊಸ್ತಿಲಲ್ಲಿ ಕೂತು, ಬೀದಿ ನೋಡುತ್ತಾ ಬರೀ ಬೆರಳಿನಲ್ಲೇ ಬಟಾಣಿ ಸುಲಿಯುತ್ತಿದ್ದಳು. ಬಂದವರು ಸುಮ್ಮನೆ ಯಾಕೆ ಕೂರಬೇಕು ಅಂತ ನನ್ನ ಮುಂದೂ ಒಂದು ರಾಶಿ ಸುರಿದಳು. ಸುಲಿಯುತ್ತಲೇ ಭಾಷಣ ಶುರುಮಾಡಿದೆ: ಪಟ್ಟಿ ಹರಿದು ಹಾಕುತ್ತೇನೆ, ನಿನ್ನ ಕಣ್ಣಿನ ತೊಂದರೆಯನ್ನು ಎಲ್ಲರೆದುರು ವಿವರಿಸಿ ಹೇಳುತ್ತೇನೆ, ಕಿಟಕಿ ಕಾಯಂ ನಿನ್ನದೇ. ಅವಳ ಕೈ ನಿಂತಿತು.

“ಅದೊಂದು ಮಾಡ್ಬೇಡಿ ಯಜಮಾನ್ರೇ. ಹಿಂದೆ ಕೂರಿಸಿದ್ದಕ್ಕೆ ನಂಗೇನೂ ಬೇಜಾರಿಲ್ಲ. ಕಿಟಕಿ ವಾಪಸ್ ಬೇಕು ಅಂದ್ರೆ ಆ ಹುಡುಗೀರ ಮುಂದೆ ಕಣ್ಣು ಕಾಣಲ್ಲ ಅಂತ ಬಾಯಿಬಿಟ್ಟು ಹೇಳ್ಬೇಕಲ್ಲ, ಅದು ನನ್ ಕೈಲಾಗಲ್ಲ. ಅಮ್ಮಾವ್ರು ಎಂಟು ವರ್ಷದಲ್ಲಿ ಒಂದು ಸಲಾನೂ ಕೇಳ್ಲಿಲ್ಲ.”

ಇವಳೇ, ಅಲ್ಲಿಂದ ಮನೆಯವರೆಗೂ ನಾನು ನಡೆದುಕೊಂಡೇ ಬಂದೆ. ಎಂಟು ವರ್ಷ ನೀನು ಒಂದು ಮಾತೂ ಆಡದೆ ಮಾಡಿದ್ದನ್ನು ನಾನು ಎಂಟೇ ದಿನದಲ್ಲಿ ಕೆಂಪು ಶಾಯಿ ಖರ್ಚುಮಾಡಿ ಕೆಡಿಸಿದ್ದೆ. ಆ ಎತ್ತರದ ಸ್ಟೂಲಿನವಳ ಕಾಲು ಗಿಡ್ಡ ಎಂಬುದೂ, ತಡವಾಗಿ ಬರುವವಳು ಮಾವನಿಗೆ ತಿಂಡಿ ತಿನ್ನಿಸಿ ಬರುತ್ತಾಳೆಂಬುದೂ ದಾರಿಯಲ್ಲಿ ಒಂದೊಂದಾಗಿ ಹೊಳೆಯಿತು. ನಿನ್ನ ಅಕ್ರಮಗಳಿಗೆಲ್ಲ ಒಬ್ಬೊಬ್ಬರ ಅಳತೆಯಿತ್ತು. ನಾನು ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿದಿದ್ದೆ, ಅದೂ ಹೊಲಿಗೆ ಅಂಗಡಿಯಲ್ಲಿ ಕೂತು.

ಇವತ್ತು ಬೆಳಿಗ್ಗೆ ಪಟ್ಟಿ ಕಿತ್ತು, ಗಂಟಲು ಸರಿಮಾಡಿಕೊಂಡು ಹೊಸ ಆಜ್ಞೆ ಹೊರಡಿಸಿದೆ: ದಾರದ ಪೆಟ್ಟಿಗೆ ಕಿಟಕಿಯ ಬಳಿಯೇ ಇರತಕ್ಕದ್ದು, ಕಾಜಾ ಹೊಲಿಯುವವರು ದಾರದ ಪೆಟ್ಟಿಗೆಯ ಬಳಿಯೇ ಕೂರತಕ್ಕದ್ದು. ಕಣ್ಣಿನ ಸುದ್ದಿ ಎತ್ತಲಿಲ್ಲ. ಮೆಣಸಿನಕಾಯಿ ನನ್ನ ಮುಖವನ್ನೊಮ್ಮೆ ನೋಡಿ, ಪೆಟ್ಟಿಗೆಯನ್ನು ತಾನೇ ಎತ್ತಿ ಕಿಟಕಿಯ ಹತ್ತಿರ ಇಟ್ಟಳು. ಆಜ್ಞೆಯ ಸುದ್ದಿ ಕಾಜಕ್ಕನಿಗೆ ಹೇಳಿಕಳಿಸಿದ್ದೇನೆ. ಹನ್ನೊಂದಾಯಿತು, ಇನ್ನೂ ಬಂದಿಲ್ಲ. ಬರದಿದ್ದರೆ ಬ್ಯಾಂಡಿನವರಿಗಿಂತ ಮೊದಲು ನಿನಗೆ ಮುಖ ತೋರಿಸುವುದು ಹೇಗೆಂದು ಯೋಚಿಸುತ್ತಿದ್ದೇನೆ.

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ಅಳಿಯ ಅಂಗಡಿ ಚೆನ್ನಾಗಿ ನಡೆಸುತ್ತಿದ್ದಾನೆ ಎಂಬ ಒಂದು ಸುಳ್ಳನ್ನೂ ಜೊತೆಗೆ ಸೇರಿಸು. ನಿನ್ನ ಆರೋಗ್ಯ ಜೋಪಾನ.

ಇಂತಿ ನಿನ್ನ,
‘ಏನೂಂದ್ರೆ’

ಮರೆತ ಮಾತು: ಕಾಜಕ್ಕ ಬಂದಳು! ಆದರೆ ಕೂರಲಿಲ್ಲ, ನನ್ನನ್ನು ಬಾಗಿಲಾಚೆ ಕರೆದಳು. ಮೆಣಸಿನಕಾಯಿ ಕಿಟಕಿ ಕೇಳಿದ್ದು ಗಾಳಿಗಂತೆ. ಇಸ್ತ್ರಿ ಮೇಜಿನ ಬಿಸಿ ಹಬೆ ನೇರ ಅವಳ ಮುಖಕ್ಕೇ ಬಡಿಯುತ್ತದೆ. ಹುಡುಗಿಗೆ ಈಗ ಮೂರು ತಿಂಗಳು. ಯಾರಿಗೂ ಹೇಳಿಲ್ಲ, ನೀನೂ ಹೇಳಬೇಡ. “ಇಸ್ತ್ರಿ ಮೇಜು ಜರುಗಿಸಿ, ಯಾಕೆ ಅಂತ ಮಾತ್ರ ಯಾರಿಗೂ ಹೇಳ್ಬೇಡಿ, ಆಮೇಲೆ ಸೂಜಿ ಹಿಡೀತೀನಿ” ಅಂದಳು. ಅಂಗಡಿಯೆಲ್ಲ ಅಳೆದು ನೋಡಿದೆ. ಆ ಮೇಜು ಹಿಡಿಸುವ ಜಾಗ ಒಂದೇ: ಫ್ಯಾನಿನ ಕೆಳಗೆ, ನನ್ನ ಕುರ್ಚಿ ಇದ್ದಲ್ಲಿ. ಇಷ್ಟನ್ನು ಹೊರಗಿನ ಮೆಟ್ಟಿಲ ಮೇಲೆ, ಬಿಸಿಲಲ್ಲಿ ಕೂತು ಬರೆದಿದ್ದೇನೆ.