ಇದು ಆ ಗೋಡೆ ಅಲ್ಲ

ಬರ್ಲಿನ್, ಸೆಪ್ಟೆಂಬರ್

ಗೈಡ್ ಟೆಷ್ಕೆ ಅವರಿಗೆ,

ಹಳೆಯ ಗಡಿಯ ಕುರುಹು ತೋರಿಸುತ್ತೇನೆಂದು ನೀವು ಪ್ರವಾಸಿಗರನ್ನು ನಡೆಸಿಕೊಂಡು ನನ್ನ ತೋಟಕ್ಕೇ ನುಗ್ಗುತ್ತೀರಿ. ಅಲ್ಲಿರುವುದು ಊರು ಸೀಳಿದ ಗೋಡೆಯಲ್ಲ. ಅದು ಬಿದ್ದು ಎಷ್ಟೋ ವರ್ಷದ ಮೇಲೆ, ಅಪ್ಪ ನೆಟ್ಟ ಪ್ಲಮ್ ಮರ ಯಾರದೆಂದು ತಂಗಿ ಗುಡ್ರುನ್ ಜೊತೆ ಜಗಳವಾಗಿ, ಇಬ್ಬರ ತೋಟದ ನಡುವೆ ನಾನೇ ಕಟ್ಟಿಸಿದ್ದು. ಇದನ್ನು ಹೇಳಿದರೆ "ಅಜ್ಜಿಗೆ ಅರಳುಮರಳು, ಬಿಡಿ" ಎಂದು ಜನರನ್ನು ನಗಿಸಿದಿರಿ. ನಿಮ್ಮವರು ನೆನಪಿಗೆಂದು ಚೂರು ಕೆತ್ತಿ ಕೆತ್ತಿ ಒಯ್ದು ಗೋಡೆ ತೂತಾಗಿದೆ.

ನಿನ್ನೆ ತೂತಿನಾಚೆ ಗುಡ್ರುನ್ ಬಗ್ಗಿದ್ದಳು. "ಏನೇ ಅಕ್ಕಾ, ತಲೆಯೆಲ್ಲ ಬೆಳ್ಳಗಾಗೋಯ್ತಲ್ಲೇ. ಅದೇ ಮರದ ಹಣ್ಣಿನ ಕೇಕು ಮಾಡಿದೀನಿ, ತಗೋ."

ಇನ್ನು ಬಂದರೆ ಪೊಲೀಸರನ್ನು ಕರೆಯುತ್ತೇನೆ. ನಾಳೆ ಒಂದು ದಿನ ಮಾತ್ರ ಬನ್ನಿ. ಕೇಕಿನ ತಟ್ಟೆ ಆ ತೂತಿನಲ್ಲಿ ತೂರುತ್ತಿಲ್ಲ, ಇನ್ನೊಂದು ಗೇಣು ಕೆತ್ತಿಸಿ ಹೋಗಿ.

ಕೋಪ ಇಳಿಯದ,
ರೋಸ್ವಿಥಾ ಪಾನ್ವಿಟ್ಸ್