ರೇನೋ ಕಾದ ವರ್ಷಗಳು

ಹ್ಯಾನ್‌ಕಾಕ್, ಮಿಷಿಗನ್
9 ಏಪ್ರಿಲ್ 2025

ಮುದ್ದಿನ ತಂಗಿ ಡೋರೀನ್,

ನೀನು ಕಳಿಸಿದ ಏಲಕ್ಕಿ ಬ್ರೆಡ್ಡು ಮುಗಿದು ತಿಂಗಳಾಯಿತು, ಉತ್ತರ ಈಗ ಬರೆಯುತ್ತಿದ್ದೇನೆ. ಬೈಯಬೇಡ. ಜನವರಿಯಲ್ಲಿ ನಿನ್ನ ಭಾವ ರೇನೋ ತೀರಿಹೋದಾಗಿನಿಂದ ಕಾಗದಪತ್ರಗಳಿಗೆ ಸಹಿ ಹಾಕಿ ಹಾಕಿ ಪೆನ್ನು ಕಂಡರೇ ಬೇಜಾರು.

"ಭಾವನ ಪಿಂಚಣಿ, ನಿನ್ನ ಪಿಂಚಣಿ, ಎರಡನ್ನೂ ಈಗ್ಲೇ ಕೇಳ್ಬಿಡು ಅಕ್ಕಾ, ನಾಳೆ ಯಾರು ಕಂಡೋರು" ಎಂದು ಬರೆದಿದ್ದೆಯಲ್ಲ, ನಾನು ಹಾಗೆ ಮಾಡಲಿಲ್ಲ.

ರೇನೋನ ಗೆಳೆಯರು ನಿನಗೆ ಗೊತ್ತು. ಅರವತ್ತೆರಡಕ್ಕೇ ಪಿಂಚಣಿ ಹಿಡಿದು, ಹೆಪ್ಪುಗಟ್ಟಿದ ಕೆರೆಯ ಮೇಲೆ ಗುಡಿಸಲು ಎಳೆದುಕೊಂಡು ಹೋಗಿ, ಮಂಜುಗಡ್ಡೆ ಕೊರೆದು ಗಾಳ ಹಾಕಿ ಕೂತವರು. ಇವನು ಮಾತ್ರ ಅರವತ್ತೊಂಬತ್ತಾದರೂ ರಸ್ತೆಯ ಹಿಮ ತಳ್ಳುವ ಲಾರಿಯ ಕೆಲಸ ಬಿಡಲಿಲ್ಲ, ಪಿಂಚಣಿಯನ್ನೂ ಕೇಳಲಿಲ್ಲ. "ಏನಯ್ಯಾ, ಸತ್ತ ಮೇಲೆ ತಗೋತೀಯಾ?" ಎಂದು ರೇಗಿಸುತ್ತಿದ್ದರು. "ನನಗಲ್ಲ ಕಣ್ರೋ, ನನ್ ಹೆಂಡ್ತಿ ಮನೇಲಿ ಎಲ್ರೂ ತೊಂಬತ್ತು ದಾಟೋರು" ಎನ್ನುತ್ತಿದ್ದ. ಅವನೂ ಒಂದು ಮೀನು ಗುಡಿಸಲು ಕಟ್ಟಿ ಹಸಿರು ಬಣ್ಣ ಹೊಡೆದಿಟ್ಟಿದ್ದ. ಅದಿನ್ನೂ ಅಂಗಳದಲ್ಲೇ ಇದೆ.

ಪಿಂಚಣಿ ಕಚೇರಿಯ ಹುಡುಗಿ ಕಂಪ್ಯೂಟರು ನೋಡಿ ಕಣ್ಣರಳಿಸಿದಳು. "ಇವ್ರು ಒಂದು ತಿಂಗಳೂ ತಗೊಂಡೇ ಇಲ್ವಲ್ಲ ಮೇಡಂ! ಎಪ್ಪತ್ತು ತುಂಬೋವರೆಗೆ ಕಾದಷ್ಟೂ ಬೆಳೆಯುತ್ತೆ, ಇವ್ರದ್ದೂ ಬೆಳೆದಿದೆ. ಬೆಳೆದದ್ದೆಲ್ಲ ನಿಮಗೇ ಸೇರುತ್ತೆ."

"ಈಗ್ಲೇ ತಗೊಂಡ್ರೆ?"

"ನಿಮಗಿನ್ನೂ ಅರವತ್ತೆರಡು. ಕಡಿತ ಆಗುತ್ತೆ, ನೀವಿರೋವರೆಗೂ ಹಾಗೇ ಇರುತ್ತೆ. ಅರವತ್ತೇಳಕ್ಕೆ ಬಂದ್ರೆ ಪೂರ್ತಿ."

"ಹಾಗಾದ್ರೆ ಶಾಲೆ ಅಡುಗೆಮನೇಲಿ ನಾನು ದುಡಿದದ್ದರ ಪಿಂಚಣಿ ಈಗ ಕೊಡಿ. ಅರವತ್ತೇಳಾಗೋವರೆಗೆ ಅವನದ್ದನ್ನ ಮುಟ್ಟಬೇಡಿ."

ಎರಡಕ್ಕೂ ಒಟ್ಟಿಗೆ ಅರ್ಜಿ ಹಾಕಿದರೆ ಸಿಗುವುದು ದೊಡ್ಡದೊಂದೇ, ಅದೂ ಕಡಿತವಾಗಿ; ಹಾಗೆ ಕೈ ಸುಟ್ಟುಕೊಂಡವರು ಬಹಳ ಜನರಂತೆ. ವಿಧವೆಯ ಪಿಂಚಣಿ ಈಗ ಬೇಡ ಎಂದು ಕೈಯಾರೆ ಬರೆದು, ಎರಡು ಸಲ ಓದಿ ಸಹಿ ಹಾಕಿದೆ.

"ಇಷ್ಟೆಲ್ಲ ಯೋಚ್ನೆ ಮಾಡಿದ್ದು ಯಾರು ಮೇಡಂ?"

"ನನ್ನ ಗಂಡ" ಎಂದೆ. ಡೋರೀನ್, ಮದುವೆಯ ದಿನವೂ ಆ ಎರಡು ಮಾತನ್ನು ನಾನು ಅಷ್ಟು ಜಂಬದಿಂದ ಹೇಳಿರಲಿಲ್ಲ. ಊರಿಗೆಲ್ಲ ದಡ್ಡನಂತೆ ಕಂಡವನು ನನ್ನನ್ನು ಯಾರ ಮುಂದೆಯೂ ಕೈಯೊಡ್ಡದ ಹಾಗೆ ಮಾಡಿ ಹೋದ. ಐದು ವರ್ಷ ತಾನೇ, ಅವನ ಹೆಂಡತಿ ಕಾಯಬಲ್ಲಳು.

ನಿನ್ನ ಮಂಡಿನೋವು ಬೇಗ ಗುಣವಾಗಲಿ. ನಿನ್ನ ಡೇಲ್ ಅರ್ಜಿ ಹಾಕುವ ಮುಂಚೆ ಒಂದು ಸಲ ಗಂಡ ಹೆಂಡತಿ ಇಬ್ಬರೂ ಕೂತು ಮಾತಾಡಿ. ನೀವಿಬ್ಬರೂ ಬಹುಕಾಲ ಜೊತೆಗಿರಿ.

ನಿನ್ನ ಅಕ್ಕ,
ಮಾರ್ಲಾ

ಮರೆತ ಮಾತು: ಮರೆತದ್ದಲ್ಲ, ಹೇಳಲಾಗಿರಲಿಲ್ಲ. ರೇನೋ ತೀರಿಹೋದ ದಿನ ಬೆಳಗ್ಗೆ ಬೂಟಿನ ದಾರ ಕಟ್ಟುತ್ತಾ ಕೇಳಿದ: "ಸಾಕಾಗಿದೆ ಕಣೇ. ಇವತ್ತೇ ಅರ್ಜಿ ಹಾಕಿ, ಗುಡಿಸಲು ಕೆರೆಗೆ ಎಳ್ಕೊಂಡ್ ಹೋಗ್ಲಾ?" ಒಲೆಯ ಕಡೆಯಿಂದ ತಿರುಗದೆಯೇ ಹೇಳಿದೆ: "ಇನ್ನು ಏಳು ತಿಂಗಳು ತಾನೇ, ಎಪ್ಪತ್ತು ತುಂಬ್ಲಿ." ಅವನು ಇನ್ನೊಂದು ಬೂಟಿನ ದಾರವನ್ನೂ ಕಟ್ಟಿಕೊಂಡು ಲಾರಿ ಹತ್ತಿದ.