ಕಾರ್ಪೆಟ್ಟಿನ ಮೇಲೆ ಬಿಸ್ಸೆ

ಫೆಬ್ರವರಿ 3, ಬೆಳಿಗ್ಗೆ

ಮತ್ತೆ ಅದೇ. ಕಾಫಿ ಬಗ್ಗಿಸುತ್ತಿದ್ದೆ. ನಮ್ಮ ನಾಯಿ ಬಿಸ್ಸೆ ಹಿಂಗಾಲು ಮುಂದಕ್ಕೆ ಚಾಚಿ, ಕೂತಲ್ಲೇ ಅಂಡು ಉಜ್ಜುತ್ತ ಕಾರ್ಪೆಟ್ಟಿನ ಈ ತುದಿಯಿಂದ ಆ ತುದಿಗೆ ಜಾರಿಕೊಂಡು ಹೋದಳು. ಮುಖದಲ್ಲಿ ಮಾತ್ರ ಭಾರಿ ಗಾಂಭೀರ್ಯ. ನನಗೆ ನಗು. ಎಸ್ಬೆನ್ ನಗಲಿಲ್ಲ. ಊರುಗೋಲು ಕುಟ್ಟಿ “ಬಿಸ್ಸೆ, ಬಿಸ್ಸೆ” ಎಂದ.

ಲಕ್ವ ಹೊಡೆದ ಮೇಲೆ ಅವನಿಗೆ ಉಳಿದಿರುವುದು ಇದೊಂದೇ ಮಾತು. ಕಾಫಿ ಬೇಕೆಂದರೂ ಬಿಸ್ಸೆ, ಕಾಲು ನೋವೆಂದರೂ ಬಿಸ್ಸೆ. ನನ್ನನ್ನು ಕರೆಯುವುದೂ ಹಾಗೆಯೇ. ಗಂಡ ನಾಯಿಯ ಹೆಸರು ಹಿಡಿದು ಕೂಗುತ್ತಾನೆ, ನಾನು ಓಗೊಡುತ್ತೇನೆ. ರೂಢಿಯಾಗಿದೆ. ಅವನಿಗೆ ಎಲ್ಲ ಅರ್ಥವಾಗುತ್ತದೆ. ಬಾಯಿಗೆ ಬರುವುದಿಲ್ಲ, ಅಷ್ಟೆ.

ಕಾರ್ಪೆಟ್ ಅವನ ಅಮ್ಮನದು. ಕೊಳೆಯಾಗುತ್ತದೆಂದು ಸಿಟ್ಟಿರಬೇಕು. ಸುತ್ತಿ ಅಟ್ಟಕ್ಕೆ ಹಾಕಿಬಿಡುವುದು ವಾಸಿ.

ಫೆಬ್ರವರಿ 7

ಪಕ್ಕದ ಮನೆಯ ಥೋರಾ ಉಪ್ಪಿನಲ್ಲಿ ಹಾಕಿದ ಹೆರಿಂಗ್ ಮೀನು ತಂದಿದ್ದಳು. ಜೀವಮಾನವೆಲ್ಲ ನಾಯಿ ಸಾಕಿದವಳು. ಬಿಸ್ಸೆಯ ಮೆರವಣಿಗೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಜಂತುಹುಳ ಕಣೇ ಗುದ್ರುನ್. ಒಂದು ಮಾತ್ರೆ ಹಾಕು, ಸರಿಹೋಗುತ್ತೆ. ನಮ್ಮನೇದು ಪಾದ್ರಿಗಳ ಮನೆ ನೆಲಾನೂ ಬಿಟ್ಟಿರ್ಲಿಲ್ಲ. ಅವರು ಪ್ರಾರ್ಥನೆ ಹೇಳ್ತಾ ಇದ್ರು, ಇದು ಒರೆಸ್ತಾ ಇತ್ತು.”

ನಾನೂ ನಕ್ಕೆ. ಇಷ್ಟು ಜೋರಾಗಿ ನಗದೆ ಎಷ್ಟು ದಿನವಾಗಿತ್ತೋ. ಎಸ್ಬೆನ್ ಮುಖ ತಿರುಗಿಸಿ ಕಿಟಕಿಯಾಚೆ ನೋಡುತ್ತ ಕೂತ. ಮನೆಯೆದುರಿನ ಫ್ಯೋರ್ಡ್‌ನ ಕಡಲನೀರು ಇನ್ನೂ ದಡದಲ್ಲಿ ಹೆಪ್ಪುಗಟ್ಟಿಕೊಂಡೇ ಇದೆ.

ಫೆಬ್ರವರಿ 16, ಸಂಜೆ

ಜಂತಿನ ಮಾತ್ರೆ ಹಾಕಿದ್ದಾಯಿತು. ಪ್ರಯೋಜನ ಇಲ್ಲ. ಕಾರ್ಪೆಟ್ ಇಲ್ಲದ ಬರಿ ಹಲಗೆಯ ಮೇಲೂ ಉಜ್ಜುತ್ತಾಳೆ. ಕೂತರೆ ತಿರುಗಿ ತಿರುಗಿ ಅಲ್ಲೇ ನೆಕ್ಕಿಕೊಳ್ಳುತ್ತಾಳೆ.

ಎಸ್ಬೆನ್ ಇಂದು ಕೋಲಿನಿಂದ ಅವಳನ್ನು ತೋರಿಸಿದ, ಆಮೇಲೆ ನೀರಿನ ಬಟ್ಟಲು ತೋರಿಸಿದ. ಖಾಲಿಯಿತ್ತು. ತುಂಬಿಸಿದೆ. ತಲೆ ಅಲ್ಲಾಡಿಸಿದ. ಮತ್ತೆ ಅವಳು, ಮತ್ತೆ ಬಟ್ಟಲು. ಇನ್ನೂ ಏನು ಬೇಕು ಎಂದೆ. ಕೋಲಿನಿಂದ ಬಟ್ಟಲನ್ನು ತಳ್ಳಿಯೇಬಿಟ್ಟ. ಅಡುಗೆಮನೆ ತುಂಬ ನೀರು.

ಕೂಗಾಡಿದೆ. ಒರೆಸುವವಳು ನಾನು, ನಿನಗೇನು ಗೊತ್ತು ಎಂದೆ. ಅತ್ತ. ಲಕ್ವದ ನಂತರ ಅಳು ಬೇಗ ಬರುತ್ತದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದಿದ್ದರು ಆಸ್ಪತ್ರೆಯಲ್ಲಿ. ಹಚ್ಚಿಕೊಳ್ಳಲಿಲ್ಲ. ಬೆನ್ನು ಹಾಕಿ ನೆಲ ಒರೆಸಿದೆ…

ಫೆಬ್ರವರಿ 25

ಪೇಟೆಯಲ್ಲಿ ನಾಯಿಗಳ ಕೂದಲು ಕತ್ತರಿಸುವ ಹುಡುಗಿಯ ಹತ್ತಿರ ಹೋಗಿದ್ದೆ. ಬಾಲದ ಬುಡದಲ್ಲಿ ಎರಡು ಪಕ್ಕಕ್ಕೂ ಸಣ್ಣ ಚೀಲಗಳಿರುತ್ತವಂತೆ. ತುಂಬಿಕೊಂಡರೆ ತುರಿಸುತ್ತದೆ, ಆಗ ಉಜ್ಜುತ್ತವೆ. ಅವಳೇ ಹಿಂಡಿ ತೆಗೆದಳು. ಆ ನಾತ… ಎಸ್ಬೆನ್‌ನ ಹಳೆಯ ದೋಣಿಯ ತಳದಲ್ಲೂ ಅಂಥ ನಾತ ಇರಲಿಲ್ಲ. ಎಡಗಡೆಯದು ಸರಿಯಾಗಿ ಬರಲಿಲ್ಲ, ಮತ್ತೆ ಶುರುವಾದರೆ ಡಾಕ್ಟರಿಗೆ ತೋರಿಸಿ ಎಂದಳು.

ಬಿಸ್ಸೆ ದಾರಿಯುದ್ದಕ್ಕೂ ಕಾರಿನಲ್ಲಿ ಮಲಗಿದ್ದಳು. ವಾಸಿಯಾಯಿತು ಅಂದುಕೊಂಡೆ.

ಮಾರ್ಚ್ 9

ಬಿಸ್ಸೆಯ ಹಾಸಿಗೆಯ ಮೇಲೆ ರಕ್ತ. ನಾಲ್ಕೇ ಹನಿ.

ಎಸ್ಬೆನ್ ರೈ ಬ್ರೆಡ್ ಮುಟ್ಟಲಿಲ್ಲ. ನಾನು ತಟ್ಟೆ ಎತ್ತಿಕೊಳ್ಳಲು ಬಗ್ಗಿದಾಗ ಮಣಿಕಟ್ಟು ಹಿಡಿದ. ಆ ಒಂದು ಕೈಯಲ್ಲಿ ಇಷ್ಟು ಬಲ ಉಳಿದಿದೆಯೆಂದು ಗೊತ್ತಿರಲಿಲ್ಲ. ನನ್ನನ್ನು ನಾಯಿಯ ಪಕ್ಕಕ್ಕೆ ಎಳೆದು ಕೂರಿಸಿದ. ನನ್ನ ಬೆರಳು ಹಿಡಿದು ಬಾಲದ ಕೆಳಗೆ, ಎಡಕ್ಕೆ, ಒತ್ತಿಸಿದ.

ಗಂಟು. ಬಟಾಣಿಗಿಂತ ದೊಡ್ಡದು, ಕಲ್ಲಿನ ಹಾಗೆ.

“ಬಿಸ್ಸೆ” ಎಂದ. ಮೆಲ್ಲಗೆ. ಸಿಟ್ಟಿನ ದನಿ ಅಲ್ಲ. ಎಂದೂ ಸಿಟ್ಟಾಗಿರಲಿಲ್ಲವೇನೋ.

ಬಟ್ಟಲು ತಳ್ಳಿದ್ದು ಈಗ ಅರ್ಥವಾಯಿತು. ನೀರು ಖಾಲಿಯಾಗಿದೆ ಎಂದಲ್ಲ. ಇವಳು ವಿಪರೀತ ನೀರು ಕುಡಿಯುತ್ತಿದ್ದಾಳೆ ಎಂದು. ದಿನವಿಡೀ ಕುರ್ಚಿಯಲ್ಲಿ ಕೂತು ಅವಳನ್ನೇ ನೋಡುವವನು ಅವನು. ಕಂಡಿದ್ದ. ಹೇಳುತ್ತಲೇ ಇದ್ದ. ನಾನು ಕಾರ್ಪೆಟ್ ಸುತ್ತಿದೆ.

ಮಾರ್ಚ್ 11

ಪಶುವೈದ್ಯೆ ಮರೇನ್. ಚಿಕ್ಕ ವಯಸ್ಸು, ನಿಧಾನದ ಕೈ. ಗ್ಲೌಸ್ ಹಾಕಿ ಬೆರಳಿಟ್ಟು ನೋಡಿದಳು. ಅದೇ ಜಾಗಕ್ಕೆ ಮತ್ತೆ ಬೆರಳು ತಂದಳು. ಆಗಲೇ ತಿಳಿಯಿತು.

ಕೇಳಿಯೇಬಿಟ್ಟೆ, ಯಾವಾಗ ಬರಬೇಕಿತ್ತು ಎಂದು.

“ಒಂದೆರಡು ಸಲ ಉಜ್ಜಿದ್ರೆ ಯಾರೂ ಓಡಿ ಬರಲ್ಲ, ಗುದ್ರುನ್. ಬರಬೇಕಾಗೂ ಇಲ್ಲ. ಚೀಲ ತುಂಬಿರುತ್ತೆ, ಜಂತು ಇರುತ್ತೆ, ಅಲರ್ಜಿ ಇರುತ್ತೆ. ಹೆಚ್ಚಿನ ಸಲ ಅಷ್ಟೇ. ಆದ್ರೆ ಮತ್ತೆ ಮತ್ತೆ ಉಜ್ಜಿದ್ರೆ, ಅಲ್ಲೇ ನೆಕ್ತಾ ಇದ್ರೆ, ಊದಿದ್ರೆ, ರಕ್ತ ಕಂಡ್ರೆ, ನೀರು ಜಾಸ್ತಿ ಕುಡಿದ್ರೆ ಆಗ ಕಾಯಬಾರ್ದು.”

ಆಮೇಲೆ ಅವಳೇ ಸೇರಿಸಿದಳು, ಈ ಗಂಟು ಹೊರಗೆ ಕಾಣುವ ಹೊತ್ತಿಗೆ ಎಷ್ಟೋ ಸಲ ಒಳಗೆ ಹಬ್ಬಿರುತ್ತದೆ ಎಂದು. ನನ್ನ ಸಮಾಧಾನಕ್ಕೆ ಹೇಳಿದಳೋ, ನಿಜವೋ. ರಕ್ತ ತೆಗೆದುಕೊಂಡಳು. ಸ್ಕ್ಯಾನ್ ಮಾಡಿದಳು.

ಮಾರ್ಚ್ 14, ಮಧ್ಯಾಹ್ನ

ಕ್ಯಾನ್ಸರ್. ಹೊಟ್ಟೆಯೊಳಗಿನ ಗ್ರಂಥಿಗಳಿಗೂ ಹೋಗಿದೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿದೆ, ಬಾಯಾರಿಕೆ ಅದರಿಂದ. ಮೂತ್ರಪಿಂಡ ಸೋಲುತ್ತಿದೆ. ಆರ್ಹೂಸ್ ನಗರದ ದೊಡ್ಡ ಪ್ರಾಣಿ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಬಹುದು, ಕೆಲವು ತಿಂಗಳು ಸಿಕ್ಕರೂ ಸಿಗಬಹುದು, ಆಪರೇಷನ್ ಮೇಜಿನ ಮೇಲೇ ಜೀವ ಹೋದರೂ ಹೋಗಬಹುದು. ಇಲ್ಲವೇ ನೋವಿನ ಮಾತ್ರೆ ಕೊಟ್ಟು ಮನೆಯಲ್ಲಿ ಇಟ್ಟುಕೊಳ್ಳುವುದು.

ಎಸ್ಬೆನ್‌ಗೆ ಎಲ್ಲ ಹೇಳಿದೆ, ಏನೂ ಮುಚ್ಚಿಡದೆ. ಆಪರೇಷನ್ ಮಾಡಿಸೋಣವೇ ಎಂದೆ. ಅವಳನ್ನು ಬಹಳ ಹೊತ್ತು ನೋಡಿದ. ಬೇಡವೆಂದು ತಲೆ ಆಡಿಸಿದ.

ನನಗೆ ಬೇಕಿತ್ತು. ನಾಯಿಗಾಗಿ ಅಲ್ಲ. ಹೇಳಿಯೇಬಿಟ್ಟೆ—

“ಅವಳು ಹೋದ್ಮೇಲೆ ನೀನು ಏನಂತ ಮಾತಾಡ್ತೀಯೋ? ನನ್ನನ್ನ ಏನಂತ ಕರೀತೀಯ?”

ಕೈ ಎತ್ತಿ ನನ್ನ ಕೆನ್ನೆ ಮುಟ್ಟಿದ. ಮತ್ತೆ ತಲೆ ಆಡಿಸಿದ. ಬೇಡ.

ಏಪ್ರಿಲ್ 2

ಇಂದು ಒಳ್ಳೆಯ ದಿನ. ಮೂವರೂ ದಂಡೆಯ ಏರಿಯ ಮೇಲೆ ನಡೆದೆವು. ಗಾಳಿ ಇತ್ತು, ಬಿಸಿಲೂ ಇತ್ತು. ಬಿಸ್ಸೆ ಒಂದು ಬಾತುಕೋಳಿಗೆ ಬೊಗಳಿ, ತಾನೇ ಹೆದರಿ ಎಸ್ಬೆನ್‌ನ ಕಾಲ ಹಿಂದೆ ಅಡಗಿದಳು. ಎಸ್ಬೆನ್ ನಕ್ಕ, ಬಾಯಿಯ ಒಂದೇ ಬದಿಯಲ್ಲಿ. ಸಂಜೆ ಬ್ರೆಡ್ಡಿಗೆ ಹಚ್ಚುವ ಲಿವರ್ ಪೇಸ್ಟ್‌ನಲ್ಲಿ ಮಾತ್ರೆ ಬಚ್ಚಿಟ್ಟು ಕೊಟ್ಟೆ. ಪೇಸ್ಟ್ ನೆಕ್ಕಿ ಮಾತ್ರೆ ನನ್ನ ಚಪ್ಪಲಿಯ ಮೇಲೆ ಉಗುಳಿದಳು.

ಕಾರ್ಪೆಟ್ ಅಟ್ಟದಿಂದ ಇಳಿಸಿ ಹಾಸಿದೆ. ಉಜ್ಜಿಕೊಳ್ಳಲಿ. ಮೆತ್ತಗಿದ್ದರೆ ಅಷ್ಟಾದರೂ.

ಏಪ್ರಿಲ್ 10

ಏಳುತ್ತಿಲ್ಲ. ನಿನ್ನೆಯಿಂದ ಏನೂ ತಿಂದಿಲ್ಲ. ಹೊರಳಿದರೆ ಮುಲುಕುತ್ತಾಳೆ. ಮರೇನ್‌ಗೆ ಫೋನ್ ಮಾಡಲು ಎದ್ದೆ. ನಾನು ಹೇಳುವ ಮೊದಲೇ ಎಸ್ಬೆನ್ ಫೋನ್ ತಂದು ಕೈಗೆ ಕೊಟ್ಟ. ನಾಳೆ ಮನೆಗೇ ಬರುತ್ತಾಳೆ.

ಏಪ್ರಿಲ್ 11

ಆಯಿತು.

ಏಪ್ರಿಲ್ 13

ಬರೆದಿಡಬೇಕು. ಮರೇನ್ ಕಾರ್ಪೆಟ್ಟಿನ ಮೇಲೆ ಮಂಡಿಯೂರಿದಳು. ಎಸ್ಬೆನ್ ಕುರ್ಚಿಯಲ್ಲಿ ಕೂರಲು ಒಪ್ಪಲಿಲ್ಲ. ಇಬ್ಬರೂ ಹಿಡಿದು ನೆಲಕ್ಕಿಳಿಸಿದೆವು. ಬಿಸ್ಸೆಯ ತಲೆ ಅವನ ತೊಡೆಯ ಮೇಲೆ. ಮೊದಲ ಸೂಜಿಗೆ ನಿದ್ದೆ, ಎರಡನೆಯದಕ್ಕೆ… ಅವಳ ಕಿವಿಯ ಹತ್ತಿರ ಬಾಯಿಟ್ಟು ಹೆಸರು ಹೇಳುತ್ತಲೇ ಇದ್ದ. ಮರೇನ್ ಸ್ಟೆತಸ್ಕೋಪ್ ತೆಗೆದು ಆಯಿತೆಂದು ತಲೆ ಆಡಿಸಿದಳು. ಅವನು ಇನ್ನೂ ಹೇಳುತ್ತಿದ್ದ. ಆಮೇಲೆ ನಿಲ್ಲಿಸಿದ.

ಥೋರಾ ಬಂದು ಗುಂಡಿ ತೋಡಿದಳು. ಒಂದು ತಮಾಷೆಯ ಮಾತೂ ಆಡಲಿಲ್ಲ.

ಏಪ್ರಿಲ್ 20

ಅವನು ಮಾತಾಡಿಲ್ಲ. ಆ ಪದ ಕೂಡ ಇಲ್ಲ. ಕಾಫಿ ಬೇಕಾದರೆ ಕಪ್ಪಿನ ಕಡೆ ನೋಡುತ್ತಾನೆ. ಹೊರಗೆ ಹೋಗೋಣವೆಂದರೆ ಕಣ್ಣು ಮುಚ್ಚುತ್ತಾನೆ. ಕಾಲಿಗೆ ನಡಿಗೆ ಬೇಕು, ಇಲ್ಲದಿದ್ದರೆ ಇದ್ದದ್ದೂ ಹೋಗುತ್ತದೆ.

ಅಡುಗೆಮನೆಯಲ್ಲಿ ನಿಂತು ಕಾಯುತ್ತೇನೆ, ಯಾರಾದರೂ ನನ್ನನ್ನು ಬಿಸ್ಸೆ ಎಂದು ಕರೆಯಲಿ ಎಂದು. ಹುಚ್ಚು.

ಮೇ 4, ಬೆಳಿಗ್ಗೆ

ಕಾಡಿನ ಬೀಚ್ ಮರಗಳು ಚಿಗುರಿವೆ, ಇಲ್ಲಿ ವಸಂತ ಬಂತೆಂದು ಲೆಕ್ಕ. ಥೋರಾ ಒಂದು ಕೊಂಬೆ ತಂದು ಮೇಜಿನ ಮೇಲಿಟ್ಟು ಹೋದಳು. ಎಸ್ಬೆನ್ ಎಲೆಗಳನ್ನು ಬೆರಳಲ್ಲಿ ಸವರುತ್ತಿದ್ದ. ನಾನು ಇಲ್ಲಿ ಬಂದು ಕೂತೆ, ಬರೆಯಲು ಏನೂ ಇಲ್ಲದಿದ್ದರೂ.

ಹೊರಬಾಗಿಲ ಹತ್ತಿರ ಸದ್ದು. ಗೂಟದಿಂದ ಕೋಟು ಬಿತ್ತು. ಅವನೇ. ಒಂದೇ ಕೈಯಲ್ಲಿ ಅದನ್ನು ತೊಡಲು ಒದ್ದಾಡುತ್ತಿದ್ದಾನೆ. ಕರೆಯುತ್ತಿಲ್ಲ. ನಿಂತು ಈ ಕಡೆ ನೋಡುತ್ತಿದ್ದಾನೆ. ನನ್ನ ಬೂಟು ಎಲ್ಲಿ—